ನಿಂತ ಗಾಡಿಯ ಬಾಡಿಗೆ

1935ರ ಜುಲೈ 16. ಅಮೆರಿಕದ ಒಕ್ಲಹೋಮಾ ಸಿಟಿಯಲ್ಲಿ ಫಸ್ಟ್ ಸ್ಟ್ರೀಟ್ ಮತ್ತು ರಾಬಿನ್ಸನ್ ಅವೆನ್ಯೂ ಕೂಡುವ ಮೂಲೆ. ಫುಟ್‌ಪಾತಿನ ಅಂಚಿಗೆ ನೆಟ್ಟ ಗಿಡ್ಡ ಕಂಬದ ಮೇಲೆ ಒಂದು ಲೋಹದ ಪೆಟ್ಟಿಗೆ. ಐದು ಸೆಂಟಿನ ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಒಳಗಿನ ಗಡಿಯಾರ ಓಡತೊಡಗುತ್ತಿತ್ತು. ಕಾರು ಒಂದು ಗಂಟೆ ಅಲ್ಲಿ ನಿಲ್ಲಬಹುದಿತ್ತು. ಹೊತ್ತು ಮುಗಿದರೆ ದಾರಿಹೋಕರಿಗೂ ಪೊಲೀಸರಿಗೂ ಕಾಣುವಂತೆ ಪೆಟ್ಟಿಗೆಯೇ ಅದನ್ನು ತೋರಿಸುತ್ತಿತ್ತು. ‘ಪಾರ್ಕ್-ಓ-ಮೀಟರ್’ ಎಂಬ ಹೆಸರಿನ ಈ ಪೆಟ್ಟಿಗೆಯೇ ಜಗತ್ತಿನಲ್ಲಿ ಬೀದಿಗಿಳಿದ ಮೊದಲ ಪಾರ್ಕಿಂಗ್ ಮೀಟರ್.

ಅದು ನಿಂತದ್ದು ರಾಜಧಾನಿಯಲ್ಲಾದರೂ ಹುಟ್ಟಿದ್ದು ಅಲ್ಲಿಂದ ಸುಮಾರು 100 ಕಿಲೋಮೀಟರ್ ದೂರದ ಸ್ಟಿಲ್‌ವಾಟರ್ ಎಂಬ ಕಾಲೇಜು ಊರಿನಲ್ಲಿ. ಒಕ್ಲಹೋಮಾದ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜು ಇದ್ದದ್ದು ಅಲ್ಲಿ. ಇಂದು ಅದು ಒಕ್ಲಹೋಮಾ ಸ್ಟೇಟ್ ಯೂನಿವರ್ಸಿಟಿ. ಮುಂದೆ ಅರ್ಧ ಶತಮಾನದ ಬಳಿಕ ಈ ಪೆಟ್ಟಿಗೆಯ ನಿಜವಾದ ಲೆಕ್ಕಾಚಾರ ಏನೆಂದು ಬಿಡಿಸಿ ಹೇಳಿದ್ದೂ ಇನ್ನೊಂದು ವಿಶ್ವವಿದ್ಯಾಲಯದ ಪಕ್ಕದ ಬೀದಿಗಳನ್ನು ಅಳೆದ ಮೇಷ್ಟರೊಬ್ಬರು. ಈ ಎರಡರ ನಡುವಿನ ಚರಿತ್ರೆಯಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ನಾಣ್ಯ ಕೊಡಬೇಕಲ್ಲ ಎಂಬ ಸಿಟ್ಟು ಜನರಲ್ಲಿ ಇದ್ದೇ ಇತ್ತು. ಆದರೆ ಆ ಸಿಟ್ಟು ಉಳಿಯಿತೋ ಇಳಿಯಿತೋ ಎಂಬುದನ್ನು ತೀರ್ಮಾನಿಸಿದ್ದು ನಾಣ್ಯ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ.

ದಿನವಿಡೀ ನಿಂತ ಕಾರು

ಒಕ್ಲಹೋಮಾ ಸಿಟಿ ಬೇಗ ಬೆಳೆದ ಊರು. 1920ರಲ್ಲಿ ಅಲ್ಲಿನ ಜನಸಂಖ್ಯೆ 91 ಸಾವಿರ. 1930ರ ಹೊತ್ತಿಗೆ 1 ಲಕ್ಷ 85 ಸಾವಿರ. 1928ರ ಕೊನೆಯಲ್ಲಿ ಊರಿನಲ್ಲೇ ಎಣ್ಣೆ ಚಿಮ್ಮಿತು. ಜನ ಬಂದರು, ಜನರ ಹಿಂದೆ ಕಾರುಗಳೂ ಬಂದವು. ಬೀದಿಗಳು ಮಾತ್ರ ಇದ್ದಷ್ಟೇ ಅಗಲ ಇದ್ದವು.

ತೊಂದರೆ ಕಾರುಗಳ ಸಂಖ್ಯೆಯಲ್ಲಷ್ಟೇ ಇರಲಿಲ್ಲ. ಪೇಟೆಯ ಕಚೇರಿ, ಅಂಗಡಿಗಳಲ್ಲಿ ಕೆಲಸ ಮಾಡುವವರು ಬೆಳಿಗ್ಗೆಯೇ ಬಂದು ಅಂಗಡಿ ಮುಂದಿನ ಜಾಗವನ್ನೆಲ್ಲ ಹಿಡಿದು ಸಂಜೆಯವರೆಗೆ ಕಾರು ಬಿಟ್ಟಿರುತ್ತಿದ್ದರು. ಅರ್ಧ ಗಂಟೆಯಲ್ಲಿ ಬಟ್ಟೆಯೋ ಔಷಧಿಯೋ ಕೊಂಡು ಹೋಗಬೇಕಾದ ಗಿರಾಕಿ ಎರಡು ಸುತ್ತು ಹಾಕಿ, ಜಾಗ ಸಿಗದೆ, ಮನೆಗೆ ಹೋಗುತ್ತಿದ್ದ. ಹೊತ್ತಿನ ಮಿತಿ ಹೇರುವ ನಿಯಮ ಆಗಲೂ ಇತ್ತು. ಪೊಲೀಸರು ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಹೊತ್ತು ಕಳೆದ ಮೇಲೆ ಮತ್ತೆ ಬಂದು ನೋಡುತ್ತಿದ್ದರು. ಗುರುತು ಅಳಿಸುವುದಕ್ಕೆ ಒಂದು ಒದ್ದೆ ಬಟ್ಟೆ ಸಾಕಿತ್ತು. ಅಳಿಸುವ ತಾಪತ್ರಯವೂ ಬೇಡವೆಂದರೆ ಕಾರನ್ನು ಎರಡು ಗಜ ಮುಂದೆ ಸರಿಸಿದರೂ ನಡೆಯುತ್ತಿತ್ತು.

ಊರಿನ ವಾಣಿಜ್ಯ ಮಂಡಳಿ ಇದಕ್ಕೊಂದು ದಾರಿ ಹುಡುಕುವ ಕೆಲಸವನ್ನು ಕಾರ್ಲ್ ಮ್ಯಾಗಿ ಎಂಬ ಪತ್ರಿಕಾ ಸಂಪಾದಕನಿಗೆ ಒಪ್ಪಿಸಿತು. ಮ್ಯಾಗಿ ಸುಮ್ಮನೆ ಕೂರುವ ಆಸಾಮಿಯಲ್ಲ. ವಕೀಲನಾಗಿದ್ದವನು ನ್ಯೂ ಮೆಕ್ಸಿಕೋದಲ್ಲಿ ಪತ್ರಿಕೆ ನಡೆಸಿ, ಅಲ್ಲಿನ ಪ್ರಬಲ ರಾಜಕಾರಣಿ ಆಲ್ಬರ್ಟ್ ಫಾಲ್‌ನನ್ನು ಎದುರು ಹಾಕಿಕೊಂಡಿದ್ದ. ಸರ್ಕಾರಿ ಎಣ್ಣೆ ನೆಲವನ್ನು ಲಂಚ ಪಡೆದು ಗುತ್ತಿಗೆಗೆ ಕೊಟ್ಟ ‘ಟೀಪಾಟ್ ಡೋಮ್’ ಹಗರಣದಲ್ಲಿ ಈ ಫಾಲ್ ಜೈಲಿಗೆ ಹೋದ. ಅವನಿಗೆ ಇದ್ದಕ್ಕಿದ್ದಂತೆ ಬಂದ ಸಿರಿಯ ಬಗ್ಗೆ ಸಾಕ್ಷ್ಯ ನುಡಿದವರಲ್ಲಿ ಮ್ಯಾಗಿಯೂ ಒಬ್ಬ. ಹಳೆಯ ಹಗೆಯಿಂದ ನ್ಯಾಯಾಧೀಶನೊಬ್ಬ 1925ರಲ್ಲಿ ಹೋಟೆಲಿನಲ್ಲಿ ಮೈಮೇಲೆ ಬಿದ್ದಾಗ ಮ್ಯಾಗಿ ಗುಂಡು ಹಾರಿಸಿದ; ಅದು ತಗುಲಿ ಪಕ್ಕದಲ್ಲಿದ್ದ ಬೇರೊಬ್ಬ ಸತ್ತ. ವಿಚಾರಣೆಯಲ್ಲಿ ಖುಲಾಸೆಯಾದ ಮ್ಯಾಗಿ 1927ರಲ್ಲಿ ಒಕ್ಲಹೋಮಾ ಸಿಟಿಗೆ ಬಂದು ‘ಒಕ್ಲಹೋಮಾ ನ್ಯೂಸ್’ ಪತ್ರಿಕೆಯ ಸಂಪಾದಕನಾದ.

ಪೊಲೀಸರ ಸೀಮೆಸುಣ್ಣದ ಜಾಗದಲ್ಲಿ ಒಂದು ಗಡಿಯಾರ ನಿಲ್ಲಿಸಬೇಕು, ಅದಕ್ಕೆ ನಾಣ್ಯದಿಂದ ಕೀಲಿ ಕೊಡಬೇಕು ಎಂಬುದು ಮ್ಯಾಗಿಯ ಯೋಚನೆ. ಇಂಥದೇ ಕಲ್ಪನೆ ಬೇರೆಯವರಿಗೂ ಬಂದಿತ್ತು. ರೋಜರ್ ಬ್ಯಾಬ್ಸನ್ ಎಂಬಾತ 1928ರಲ್ಲೇ ಒಂದು ಮೀಟರಿಗೆ ಪೇಟೆಂಟ್ ಕೇಳಿದ್ದ. ನಿಲ್ಲಿಸಿದ ಕಾರಿನ ಬ್ಯಾಟರಿಯಿಂದಲೇ ಅದು ನಡೆಯಬೇಕಿತ್ತು. ಕಾಗದದ ಮೇಲೆ ಚೆನ್ನಾಗಿದ್ದ ಆ ಮೀಟರು ಬೀದಿಗೆ ಬರಲಿಲ್ಲ.

ಮ್ಯಾಗಿ ಬೇರೆ ದಾರಿ ಹಿಡಿದ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ನಡುವೆ ಸ್ಪರ್ಧೆ ಏರ್ಪಡಿಸಿದ. ಮಾದರಿಗಳೇನೋ ಬಂದವು, ಬೀದಿಯಲ್ಲಿ ನಿಂತು ಬಾಳುವಂಥದು ಯಾವುದೂ ಇರಲಿಲ್ಲ. ಆಗ ಆತ ಸ್ಟಿಲ್‌ವಾಟರಿನ ಪ್ರಾಧ್ಯಾಪಕ ಹೋಲ್ಗರ್ ಥೂಸನ್ ಅವರನ್ನು ಕೇಳಿಕೊಂಡ. ಥೂಸನ್ ಅದೇ ಕಾಲೇಜಿನಲ್ಲಿ ಓದಿದ್ದ ಜೆರಾಲ್ಡ್ ಹೇಲ್ ಅವರನ್ನು ಜೊತೆಗೆ ಸೇರಿಸಿಕೊಂಡರು. 1933ರಲ್ಲಿ ಶುರುವಾದ ಕೆಲಸದಿಂದ ಒಂದು ಕರಿಯ ಪೆಟ್ಟಿಗೆ ಹೊರಬಂತು. ‘ಬ್ಲ್ಯಾಕ್ ಮರಾಯಾ’ ಎಂದು ಅದಕ್ಕೆ ಅಡ್ಡಹೆಸರಿಟ್ಟರು. ಕಳ್ಳರನ್ನು ಒಯ್ಯುವ ಪೊಲೀಸ್ ಗಾಡಿಗೆ ಅಲ್ಲಿನ ಜನ ಕರೆಯುತ್ತಿದ್ದ ಹೆಸರದು. ತಯಾರಿಕೆಯ ಹೊಣೆ ಹೊತ್ತದ್ದು ಟಲ್ಸಾ ಊರಿನ ಮ್ಯಾಕ್‌ನಿಕ್ ಕಂಪನಿ. ಎಣ್ಣೆಬಾವಿಯ ಆಳದಲ್ಲಿ ನೈಟ್ರೋಗ್ಲಿಸರಿನ್ ಸಿಡಿಸಲು ಬೇಕಾದ ಗಡಿಯಾರದ ಸಾಧನಗಳನ್ನು ಮಾಡುತ್ತಿದ್ದವರು ಈಗ ಕಾರಿನ ಹೊತ್ತು ಎಣಿಸುವ ಗಡಿಯಾರ ಮಾಡಿದರು.

ಎದುರು ಸಾಲಿನ ಅಂಗಡಿಗಳು

ಬೀದಿಯ ಅಂಚನ್ನು ಇಪ್ಪತ್ತು ಇಪ್ಪತ್ತು ಅಡಿಗೆ ಗೆರೆ ಎಳೆದು ಭಾಗ ಮಾಡಲಾಯಿತು. ಕೆಲವು ಬೀದಿಗಳಲ್ಲಿ ಒಂದು ಪಕ್ಕಕ್ಕೆ ಮಾತ್ರ ಮೀಟರ್ ನೆಟ್ಟರು. ಅಂಗಡಿಯವರಿಗೆ ಅಳುಕಿತ್ತು: ಕಾಸು ಕೇಳಿದರೆ ಗಿರಾಕಿ ಈ ಕಡೆ ತಲೆ ಹಾಕುವನೇ? ಆದದ್ದು ತಿರುಗುಮುರುಗು. ಮೀಟರ್ ಇದ್ದ ಪಕ್ಕದಲ್ಲಿ ಜಾಗ ಖಾಲಿಯಾಗುತ್ತಿತ್ತು, ಮತ್ತೆ ತುಂಬುತ್ತಿತ್ತು. ಗಿರಾಕಿಗಳು ಬಂದು ಹೋಗುತ್ತಿದ್ದರು. ಮೀಟರ್ ಇಲ್ಲದ ಪಕ್ಕದಲ್ಲಿ ದಿನವಿಡೀ ಅದೇ ಕಾರುಗಳು. ಎದುರು ಸಾಲಿನವರು ತಮಗೂ ಮೀಟರ್ ಬೇಕೆಂದು ಪಾಲಿಕೆಯ ಬಾಗಿಲು ತಟ್ಟಿದರು.

ಎಲ್ಲರೂ ಒಪ್ಪಿದರು ಎಂದಲ್ಲ. ದಂಡದ ಚೀಟಿ ಪಡೆದ ಮೊದಲಿಗರಲ್ಲಿ ಒಬ್ಬ ಪಾದ್ರಿ. ಚಿಲ್ಲರೆ ತರಲು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಚೀಟಿ ಬಂದಿತ್ತು ಎಂಬ ಅವನ ಮಾತನ್ನು ನ್ಯಾಯಾಧೀಶರು ಒಪ್ಪಿ ಬಿಟ್ಟುಬಿಟ್ಟರು. ಇದಕ್ಕಿಂತ ಗಂಭೀರವಾದ ಆಕ್ಷೇಪವೂ ಇತ್ತು. ರಸ್ತೆ ಸಾರ್ವಜನಿಕರದು, ಅದನ್ನು ಕಟ್ಟಿದ್ದು ಅವರದೇ ತೆರಿಗೆಯಿಂದ. ಹಾಗಿರುವಾಗ ಅದರ ಮೇಲೆ ನಿಲ್ಲಲು ಮತ್ತೆ ಹಣ ಕೇಳುವುದು ಯಾವ ನ್ಯಾಯ?

ಈ ಪ್ರಶ್ನೆ ಕೋರ್ಟುಗಳ ಮೆಟ್ಟಿಲೇರಿತು. 1937ರ ಒಂದೇ ವರ್ಷದಲ್ಲಿ ಎರಡು ರಾಜ್ಯಗಳ ಸರ್ವೋಚ್ಚ ನ್ಯಾಯಾಲಯಗಳು ಎರಡು ಉತ್ತರ ಕೊಟ್ಟವು. ಮೀಟರಿನ ನಾಣ್ಯ ಸಂಚಾರವನ್ನು ಹದದಲ್ಲಿಡುವ ಸಾಧನ, ಹಾಗಾಗಿ ಊರಿನ ಅಧಿಕಾರಕ್ಕೆ ಒಳಪಟ್ಟದ್ದು ಎಂದು ಒಕ್ಲಹೋಮಾದ ನ್ಯಾಯಾಲಯ ಎತ್ತಿಹಿಡಿಯಿತು. ಅಲಬಾಮದ ನ್ಯಾಯಾಲಯ ಬರ್ಮಿಂಗ್‌ಹ್ಯಾಮ್ ಊರಿನ ಮೀಟರುಗಳನ್ನು ಅದು ವೇಷ ಮರೆಸಿಕೊಂಡ ತೆರಿಗೆ ಎಂದು ಕಂಡು ತಳ್ಳಿಹಾಕಿತು. ಪೆಟ್ಟಿಗೆ ಒಂದೇ, ನಾಣ್ಯ ಒಂದೇ. ಅದರ ಉದ್ದೇಶ ಬೀದಿಯನ್ನು ನಡೆಸುವುದೋ ಖಜಾನೆ ತುಂಬುವುದೋ ಎಂಬುದರ ಮೇಲೆ ನ್ಯಾಯ ನಿಂತಿತ್ತು.

ಮ್ಯಾಗಿಗೆ ಈ ಇಬ್ಬಗೆ ಗೊತ್ತಿರಲಿಲ್ಲವೆಂದಲ್ಲ. ಅವನು ಕಟ್ಟಿದ ಕಂಪನಿಯ ಹೆಸರೇ ‘ಡ್ಯುಯಲ್ ಪಾರ್ಕಿಂಗ್ ಮೀಟರ್ ಕಂಪನಿ’. ಇಮ್ಮಡಿ ಉಪಯೋಗ ಎಂಬ ಅರ್ಥದ ಹೆಸರು: ಶಿಸ್ತೂ ಆಗುತ್ತದೆ, ಆದಾಯವೂ ಬರುತ್ತದೆ. 1938ರ ಮೇ 24ರಂದು ಅವನಿಗೆ ಪೇಟೆಂಟ್ ಸಿಕ್ಕಿತು. 1940ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಬೀದಿಗಳಲ್ಲಿ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಮೀಟರುಗಳಿದ್ದವು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿಗೆ 1958ರಲ್ಲಿ ಅದು ಕಾಲಿಟ್ಟಿತು.

ಮೀಟರು ಹರಡುತ್ತ ಹೋದಂತೆ ಎರಡನೆಯ ಉಪಯೋಗ ಮೊದಲನೆಯದನ್ನು ಹಿಂದಕ್ಕೆ ತಳ್ಳಿತು. ಅನೇಕ ಊರುಗಳಿಗೆ ಅದು ತಾನಾಗಿ ತುಂಬುವ ಹುಂಡಿಯಾಯಿತು. ಹಣ ಊರಿನ ಸಾಮಾನ್ಯ ಖಾತೆಗೆ ಹೋಗಿ ಕರಗುತ್ತಿತ್ತು. ಕೊಟ್ಟವನಿಗೆ ಅದರ ಗುರುತೂ ಸಿಗುತ್ತಿರಲಿಲ್ಲ. ಉತ್ತರ ಡಕೋಟಾ ರಾಜ್ಯದಲ್ಲಿ ಹಳ್ಳಿಗಾಡಿನ ಜನರ ಸಿಟ್ಟು 1948ರಲ್ಲಿ ಮತಪೆಟ್ಟಿಗೆಗೆ ಬಂತು. ಪೇಟೆಗೆ ಸಾಮಾನು ಕೊಳ್ಳಲು ಬರುವ ರೈತನಿಂದ ನಿಂತ ನೆಲಕ್ಕೂ ಕಾಸು ವಸೂಲಿ ಮಾಡುವುದು ಅವರಿಗೆ ಸುಲಿಗೆಯಾಗಿ ಕಂಡಿತ್ತು. ಜನ ಮತ ಹಾಕಿ ರಾಜ್ಯದ ಬೀದಿಗಳಲ್ಲಿ ಮೀಟರನ್ನೇ ನಿಷೇಧಿಸಿದರು. ವಿಶ್ವವಿದ್ಯಾಲಯಗಳಿರುವ ಫಾರ್ಗೋ, ಗ್ರ್ಯಾಂಡ್ ಫೋರ್ಕ್ಸ್ ಊರುಗಳಿಗೂ ಆ ನಿಷೇಧ ದಶಕಗಳ ಕಾಲ ಅಂಟಿಕೊಂಡಿತು.

ಕಾಲೇಜು ಊರಿನ ಲೆಕ್ಕ

ಪಾರ್ಕಿಂಗಿನ ಜಗಳ ಕಾಲೇಜು ಊರುಗಳಲ್ಲಿ ತೀವ್ರವಾಗಿರುವುದಕ್ಕೆ ಕಾರಣವಿದೆ. ಸಾವಿರಾರು ಜನ ಒಂದೇ ಹೊತ್ತಿಗೆ ಬರುತ್ತಾರೆ, ದಿನವಿಡೀ ಇರುತ್ತಾರೆ. ಅವರನ್ನೇ ನಂಬಿದ ಪುಸ್ತಕದಂಗಡಿ, ಹೋಟೆಲು, ಜೆರಾಕ್ಸ್ ಅಂಗಡಿಗಳು ಕ್ಯಾಂಪಸ್ಸಿನ ಗೇಟಿಗೆ ಆತುಕೊಂಡಿರುತ್ತವೆ. ಅವಕ್ಕೆ ಬೇಕಾದದ್ದು ಅರ್ಧ ಗಂಟೆಯ ಗಿರಾಕಿ. ಕ್ಯಾಂಪಸ್ಸಿನ ಒಳಗೆ ಪಾಸಿಗೆ ಹಣ, ಹೊರಗಿನ ಬೀದಿ ಪುಕ್ಕಟೆ ಎಂದಾದರೆ ಎಲ್ಲರ ಕಣ್ಣೂ ಹೊರಗಿನ ಬೀದಿಯ ಮೇಲೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು 1950, 60ರ ದಶಕಗಳಲ್ಲಿ ನಡೆಸಿದ ಕ್ಲಾರ್ಕ್ ಕೆರ್, ಅಧ್ಯಾಪಕರನ್ನೆಲ್ಲ ಒಂದುಗೂಡಿಸುವುದು ಪಾರ್ಕಿಂಗಿನ ದೂರು ಮಾತ್ರ ಎಂದು ತಮಾಷೆ ಮಾಡುತ್ತಿದ್ದರು. ಅದೇ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಪ್ರಾಧ್ಯಾಪಕರಿಗೆಂದೇ ಫಲಕ ಹಾಕಿ ಕಾಯ್ದಿರಿಸಿದ ಪಾರ್ಕಿಂಗ್ ಜಾಗಗಳಿವೆ. ಆ ಊರಿನಲ್ಲಿ ಗೌರವ ತೋರಿಸಲು ಅದಕ್ಕಿಂತ ಅಪರೂಪದ ವಸ್ತು ಬೇರೆ ಇರಲಿಲ್ಲವೆನ್ನಬೇಕು.

ಈ ದೂರನ್ನು ಅಳತೆಗೆ ಇಳಿಸಿದವರು ಲಾಸ್ ಏಂಜಲೀಸಿನ ಡೊನಾಲ್ಡ್ ಶೂಪ್. ಅರ್ಥಶಾಸ್ತ್ರ ಓದಿ, ಆ ನಗರದ ವಿಶ್ವವಿದ್ಯಾಲಯದಲ್ಲಿ ನಗರ ಯೋಜನೆ ಕಲಿಸುತ್ತಿದ್ದ ಶೂಪ್, ಇಡೀ ವೃತ್ತಿಜೀವನವನ್ನು ಪಾರ್ಕಿಂಗಿಗೇ ಕೊಟ್ಟರು. ಸಹೋದ್ಯೋಗಿಗಳಿಗೆ ಅದು ವಿದ್ವತ್ತಿಗೆ ತಕ್ಕ ವಿಷಯವೇ ಅಲ್ಲ ಅನ್ನಿಸುತ್ತಿದ್ದ ಕಾಲ. 1980ರ ದಶಕದಲ್ಲಿ ಅವರೂ ಅವರ ವಿದ್ಯಾರ್ಥಿಗಳೂ ಕ್ಯಾಂಪಸ್ಸಿಗೆ ಹೊಂದಿಕೊಂಡ ವೆಸ್ಟ್‌ವುಡ್ ವಿಲೇಜ್ ಎಂಬ ಹದಿನೈದು ಬ್ಲಾಕುಗಳ ಪೇಟೆಯಲ್ಲಿ ಜಾಗ ಹುಡುಕುತ್ತ ಸುತ್ತುವ ಕಾರುಗಳನ್ನು ಎಣಿಸಿದರು. ಅಲ್ಲಿ ಮೀಟರ್ ಇದ್ದ ಜಾಗಗಳು 470. ಬೀದಿಯ ದರ ಕಡಿಮೆ, ಪಕ್ಕದ ಖಾಸಗಿ ಪಾರ್ಕಿಂಗಿನದು ದುಬಾರಿ. ಹಾಗಾಗಿ ಕಾರಿನವರು ಬೀದಿಯಲ್ಲಿ ಜಾಗ ಸಿಗುವವರೆಗೆ ಸುತ್ತುತ್ತಿದ್ದರು. ಸರಾಸರಿ 3.3 ನಿಮಿಷ, ಸುಮಾರು ಅರ್ಧ ಮೈಲಿ.

ಒಬ್ಬನ ಮಟ್ಟಿಗೆ ಮೂರು ನಿಮಿಷ ದೊಡ್ಡದಲ್ಲ. ಎಲ್ಲರದನ್ನೂ ವರ್ಷವಿಡೀ ಕೂಡಿಸಿದರೆ 9.5 ಲಕ್ಷ ಮೈಲಿ. ಹದಿನೈದು ಬ್ಲಾಕುಗಳ ಪೇಟೆಯಲ್ಲಿ ಕಾರುಗಳು ಬರೀ ಜಾಗ ಹುಡುಕುತ್ತ ಭೂಮಿಯನ್ನು 38 ಬಾರಿ ಸುತ್ತಿದಷ್ಟು ದೂರ ಓಡುತ್ತಿದ್ದವು! ಇದಕ್ಕೆ ಉರಿದ ಪೆಟ್ರೋಲು 47,000 ಗ್ಯಾಲನ್. ಪುಕ್ಕಟೆಯೋ ಅಗ್ಗವೋ ಆದ ಜಾಗದ ಬೆಲೆಯನ್ನು ಯಾರಾದರೂ ತೆರಲೇಬೇಕು: ಹೊಗೆಯಲ್ಲಿ, ಹೊತ್ತಿನಲ್ಲಿ, ಅಂಗಡಿ ಕಳೆದುಕೊಂಡ ಗಿರಾಕಿಯಲ್ಲಿ. ಶೂಪ್ ಅವರ 2005ರ ದೊಡ್ಡ ಪುಸ್ತಕ ‘ದಿ ಹೈ ಕಾಸ್ಟ್ ಆಫ್ ಫ್ರೀ ಪಾರ್ಕಿಂಗ್’ ಈ ಮಾತನ್ನೇ ಬೆಳೆಸಿತು. ಪ್ರತಿ ಬ್ಲಾಕಿನಲ್ಲಿ ಒಂದೆರಡು ಜಾಗ ಸದಾ ಖಾಲಿ ಇರುವಷ್ಟು ದರ ಇಡಬೇಕು, ಬಂದ ಹಣವನ್ನು ಅದೇ ಬೀದಿಗೆ ಖರ್ಚು ಮಾಡಬೇಕು ಎಂಬುದು ಅವರ ಸಲಹೆಯ ತಿರುಳು.

ಎರಡು ಪೇಟೆಗಳು

ಎರಡನೆಯ ಮಾತಿಗೆ ಅವರ ಬಳಿ ಉದಾಹರಣೆ ಇತ್ತು. ಲಾಸ್ ಏಂಜಲೀಸಿಗೆ ಹತ್ತಿರದ, ಕ್ಯಾಲ್‌ಟೆಕ್ ವಿಜ್ಞಾನ ಸಂಸ್ಥೆಯಿರುವ ಪಸಡೀನಾ ಊರಿನ ಹಳೆಯ ಪೇಟೆ 1970ರ ದಶಕಕ್ಕೆ ಪಾಳುಬಿದ್ದಂತಾಗಿತ್ತು. ಬೀದಿಯಲ್ಲಿ ಪಾರ್ಕಿಂಗ್ ಪುಕ್ಕಟೆ. ಜಾಗವೆಲ್ಲ ಅಂಗಡಿಗಳ ನೌಕರರದೇ. ಮೀಟರ್ ಹಾಕುತ್ತೇವೆ ಎಂದು ಪಾಲಿಕೆ ಹೇಳಿದಾಗ ವ್ಯಾಪಾರಿಗಳು ಕಡುವಾಗಿ ವಿರೋಧಿಸಿದರು. ಎರಡು ವರ್ಷ ಹಗ್ಗಜಗ್ಗಾಟ ನಡೆಯಿತು. ಕೊನೆಗೆ ಗಂಟು ಬಿಡಿಸಿದ್ದು ಒಂದು ವಾಗ್ದಾನ: ಇಲ್ಲಿ ಬೀಳುವ ನಾಣ್ಯ ಇಲ್ಲಿಗೇ ಖರ್ಚಾಗುತ್ತದೆ. ವಿರೋಧಿಸುತ್ತಿದ್ದವರೇ ಸಂಜೆಯೂ ಭಾನುವಾರವೂ ಮೀಟರ್ ನಡೆಯಲಿ ಎಂದರು.

1993ರಲ್ಲಿ ಮೀಟರುಗಳು ಬಂದವು, ಗಂಟೆಗೆ ಒಂದು ಡಾಲರ್. ಮುಂದೆ ಬರುವ ಈ ಆದಾಯದ ಬಲದ ಮೇಲೆ ಪಾಲಿಕೆ 50 ಲಕ್ಷ ಡಾಲರ್ ಸಾಲ ಎತ್ತಿ ಫುಟ್‌ಪಾತ್, ದೀಪ, ಮರಗಿಡ, ಬೆಂಚುಗಳಿಗೆ ಹಾಕಿತು. ಹಿತ್ತಿಲ ಓಣಿಗಳು ಜನ ನಡೆದಾಡುವ ಬೀದಿಗಳಾದವು. ನಿಮ್ಮ ಹಣ ಇಲ್ಲಿಯೇ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಚೀಟಿಯನ್ನು ಮೀಟರಿನ ಮೇಲೆ ಅಂಟಿಸಿದರು. ಗಿರಾಕಿಗಳು ಬಂದರು, ಮಾರಾಟ ತೆರಿಗೆಯ ಆದಾಯ ಏರಿತು.

ವೆಸ್ಟ್‌ವುಡ್ ವಿಲೇಜ್ ಅದೇ ಹೊತ್ತಿಗೆ ಇಳಿಮುಖವಾಗಿತ್ತು. ಒಂದು ಕಾಲಕ್ಕೆ ಸಿನಿಮಾ ನೋಡಲು ಜನ ಕಿಕ್ಕಿರಿಯುತ್ತಿದ್ದ ಪೇಟೆ ಅದು. ಪಾರ್ಕಿಂಗ್ ದುಬಾರಿಯಾದದ್ದೇ ಜನ ಬಾರದಿರಲು ಕಾರಣವೆಂದು ಅಲ್ಲಿನ ವ್ಯಾಪಾರಿಗಳು ನಂಬಿದರು. 1994ರಲ್ಲಿ ಮೀಟರಿನ ದರವನ್ನು ಒಂದು ಡಾಲರಿನಿಂದ ಅರ್ಧ ಡಾಲರಿಗೆ ಇಳಿಸಲಾಯಿತು. ಜಾಗ ಇನ್ನಷ್ಟು ಇಕ್ಕಟ್ಟಾಯಿತು. ಬಂದ ಅಷ್ಟಿಷ್ಟು ಹಣ ಲಾಸ್ ಏಂಜಲೀಸಿನ ಖಜಾನೆಗೆ ಹೋಯಿತೇ ಹೊರತು ಒಡೆದ ಫುಟ್‌ಪಾತಿಗೆ ಬರಲಿಲ್ಲ. ಆ ಪೇಟೆ ಸೊರಗಿದ್ದಕ್ಕೆ ಬೇರೆ ಕಾರಣಗಳೂ ಇದ್ದವು: 1988ರಲ್ಲಿ ಗುಂಪುಗಳ ನಡುವಿನ ಗುಂಡೇಟಿಗೆ ದಾರಿಹೋಕಳೊಬ್ಬಳು ಬಲಿಯಾಗಿ ಹುಟ್ಟಿದ ಭಯ, ಬೇರೆಡೆ ತೆರೆದ ಹೊಸ ಮಳಿಗೆಗಳು. ಆದರೂ ದರ ಇಳಿಸಿದರೆ ಪೇಟೆ ಉಳಿಯುತ್ತದೆ ಎಂಬ ನಂಬಿಕೆ ಅಲ್ಲಿ ಸುಳ್ಳಾಯಿತು.

ಇನ್ನೊಂದು ತುದಿಯಲ್ಲಿದೆ ಶಿಕಾಗೋ. 2008ರ ಡಿಸೆಂಬರಿನಲ್ಲಿ ಆ ನಗರ ತನ್ನ ಸುಮಾರು 36,000 ಮೀಟರುಗಳನ್ನು 75 ವರ್ಷಗಳಿಗೆ ಖಾಸಗಿ ಕೂಟವೊಂದಕ್ಕೆ ಗುತ್ತಿಗೆ ಕೊಟ್ಟಿತು. ಕೈಗೆ ಬಂದದ್ದು 115 ಕೋಟಿ ಡಾಲರ್. ಕೆಲವೇ ದಿನಗಳಲ್ಲಿ ಮುಗಿದ ವ್ಯವಹಾರ. ಮರುವರ್ಷ ನಗರದ ಲೆಕ್ಕ ತನಿಖಾಧಿಕಾರಿಯೇ ಇನ್ನೂ ಸುಮಾರು 97 ಕೋಟಿ ಡಾಲರ್ ಸಿಗಬಹುದಿತ್ತೆಂದು ವರದಿ ಬರೆದರು. ದರ ಏರಿತು, ಜನ ರೊಚ್ಚಿಗೆದ್ದರು. ಪಸಡೀನಾದಲ್ಲಿ ನಾಣ್ಯ ಕೊಟ್ಟವನಿಗೆ ಬೆಂಚಾದರೂ ಕಂಡಿತ್ತು. ಶಿಕಾಗೋದಲ್ಲಿ ಹುಟ್ಟಿದ ಮಗು ಮುದಿಯಾಗುವವರೆಗೆ ಬೀದಿಯ ನಾಣ್ಯ ಬೀದಿಗೆ ಮರಳುವಂತಿಲ್ಲ.

ಮಾರುದ್ದ ನೆಲ

ಭಾರತದ ನಗರಗಳು ಈ ಚರ್ಚೆಗೆ ತಡವಾಗಿ ಬಂದವು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ, ನಗರದ ನೆಲ ಬೆಲೆಬಾಳುವಂಥದು, ಪಾರ್ಕಿಂಗ್ ಶುಲ್ಕ ಆ ಬೆಲೆಯನ್ನು ಪ್ರತಿಫಲಿಸಬೇಕು ಎಂದು ಸ್ಪಷ್ಟವಾಗಿ ಹೇಳಿತು. ದೆಹಲಿ 2019ರಲ್ಲಿ ಪಾರ್ಕಿಂಗಿಗೆಂದೇ ನಿಯಮಗಳನ್ನು ತಂದಿತು. ಕಾಲೇಜು ಊರೆಂದೇ ಹೆಸರಾದ ಪುಣೆಯಲ್ಲಿ ಮಹಾನಗರ ಪಾಲಿಕೆಯ ಸಭೆ 2018ರ ಮಾರ್ಚಿನಲ್ಲಿ ಪಾರ್ಕಿಂಗ್ ನೀತಿಗೆ ಒಪ್ಪಿಗೆ ಕೊಟ್ಟಿತು. ಸ್ಕೂಟರ್, ಬೈಕುಗಳ ಆ ಊರಿನಲ್ಲಿ ಎದ್ದ ವಿರೋಧಕ್ಕೆ ಮಣಿದು, ಮೊದಲು ಐದು ರಸ್ತೆಗಳಲ್ಲಿ ಪ್ರಯೋಗ ಮಾಡುವುದೆಂದಾಯಿತು. ಅದೂ ವರ್ಷಗಟ್ಟಲೆ ಕಾಗದದ ಮೇಲೆಯೇ ಉಳಿಯಿತು.

ಅಲ್ಲಿ ಎದ್ದ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಬಸ್ಸು ಸರಿಯಾಗಿ ಬಾರದ ಊರಿನಲ್ಲಿ ಕಾಲೇಜಿಗೆ ಹೋಗುವ ಹುಡುಗಿಗೆ ಸ್ಕೂಟರ್ ಷೋಕಿಯಲ್ಲ. ಶುಲ್ಕ ವಸೂಲಿಯನ್ನು ಗುತ್ತಿಗೆದಾರನಿಗೆ ಕೊಟ್ಟು, ರಸೀತಿ ಪುಸ್ತಕ ಹಿಡಿದ ಹುಡುಗನೊಬ್ಬನನ್ನು ಬೀದಿಗೆ ನಿಲ್ಲಿಸುವ ರೂಢಿಯಲ್ಲಿ ಹಣ ಯಾರ ಜೇಬು ಸೇರಿತೆಂದು ಕೊಟ್ಟವನಿಗೆ ತಿಳಿಯುವುದೂ ಇಲ್ಲ. ಉತ್ತರ ಡಕೋಟಾದ ರೈತರ ಗುಮಾನಿ ಇಲ್ಲಿ ಇನ್ನಷ್ಟು ಸಕಾರಣ.

ಆದರೆ ರಸ್ತೆ ಎಲ್ಲರದು, ಅದಕ್ಕೆ ಬಾಡಿಗೆ ಏಕೆ ಎಂಬ ವಾದಕ್ಕೆ ಈ ನೆಲದಲ್ಲೇ ಒಂದು ಉತ್ತರವಿದೆ. ಸಂತೆಯಲ್ಲಿ ಗೋಣಿತಾಟು ಹಾಸಿ ಸೊಪ್ಪು ಮಾರುವವಳು ತಾನು ಕೂತ ಮಾರುದ್ದ ನೆಲಕ್ಕೆ ಸುಂಕ ಕೊಡುತ್ತ ಬಂದಿದ್ದಾಳೆ. ನೆಲಬಾಡಿಗೆ ಎಂಬ ಪದ ಯಾವ ಕನ್ನಡಿಗನಿಗೂ ಹೊಸದಲ್ಲ. ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆಯೂ ಪ್ರಮಾಣಪತ್ರ ಪಡೆದ ವ್ಯಾಪಾರಿಯಿಂದ ಶುಲ್ಕ ಪಡೆಯಲು ಅವಕಾಶ ಕೊಟ್ಟಿದೆ. ಅದೇ ಬೀದಿಯ ಅಂಚಿನಲ್ಲಿ, ಅವಳ ಗಾಡಿಗಿಂತ ಹೆಚ್ಚು ಜಾಗ ಹಿಡಿದು ನಿಂತ ಕಾರು ಏನೂ ಕೊಡುವುದಿಲ್ಲ. ಜಾಗ ಸಾಲದೆಂದಾಗ ಎತ್ತಂಗಡಿಯಾಗುವುದೂ ಅವಳ ಗಾಡಿಯೇ.

ಒಕ್ಲಹೋಮಾದವರು ಗೆರೆ ಎಳೆದ ಇಪ್ಪತ್ತು ಅಡಿಗೆ ಎಂಟಡಿ ಅಗಲ ಹಿಡಿದರೆ 160 ಚದರ ಅಡಿ. ಮುಂಬೈನ ಬಿಡಿಡಿ ಚಾಳುಗಳಲ್ಲಿ ಮೂರು ತಲೆಮಾರು ಬದುಕಿದ ಕೋಣೆಯ ಅಳತೆಯೂ 160 ಚದರ ಅಡಿ. ಇಂಥ ನೆಲಕ್ಕೆ ಬೆಲೆಯೇ ಇಲ್ಲವೆಂದು ಯಾವ ಮುಂಬೈಕರನೂ ಹೇಳಲಾರ.

ಮ್ಯಾಗಿಯ ಪೆಟ್ಟಿಗೆ ಈಗ ಫೋನಿನೊಳಗೆ ಸೇರುತ್ತಿದೆ. ನಾಣ್ಯದ ಸದ್ದೂ ಇಲ್ಲ, ಬಾವುಟವೂ ಇಲ್ಲ. ಅಂಗಡಿ ಮುಂದಿನ ಜಾಗ ಸರದಿಯಲ್ಲಿ ಎಲ್ಲರಿಗೂ ಸಿಗಲಿ ಎಂದು ಸ್ಟಿಲ್‌ವಾಟರಿನ ಮೇಷ್ಟರು ಜೋಡಿಸಿದ ಗಡಿಯಾರ ಅದು. ಮುಂದಿನ ಬಾರಿ ಯಾವುದಾದರೂ ಪಾಲಿಕೆ ಬೀದಿಗೆ ದರಪಟ್ಟಿ ತಂದಾಗ, ದರ ಎಷ್ಟು ಎಂದು ಕೇಳುವ ಜೊತೆಗೆ ಜನ ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು: ಈ ಹಣದಿಂದ ಈ ಬೀದಿಯ ಯಾವ ಕಲ್ಲು ನೆಟ್ಟಗಾಗುತ್ತದೆ? ಉತ್ತರವನ್ನು ಅದೇ ಬೀದಿಯಲ್ಲಿ ಬೋರ್ಡು ಬರೆದು ನೇತುಹಾಕಲು ಪಾಲಿಕೆ ಒಪ್ಪಿದರೆ ಜಗಳದ ಅರ್ಧ ಅಲ್ಲಿಯೇ ತೀರುತ್ತದೆ.